ಹೊತ್ತು ಮುಳುಗುವ ಮೊದಲು

ವೈಶಾಖದ ಕೊನೆಯ ದಿನಗಳು. ಬಿಸಿಲೇರುವ ಮೊದಲೇ ಒಂದಿಷ್ಟು ಕಲ್ಲು ಎತ್ತಿಬಿಡಬೇಕೆಂದು ಶಹಾಬಾದಿನ ಖಣಿಗಳಲ್ಲಿ ಆಳುಗಳು ನಸುಕಿನಲ್ಲೇ ಇಳಿದಿದ್ದರು. ಹಾರೆ ಹಾಕಿ ಮೀಟಿದಾಗ ಫರ್ಸಿಕಲ್ಲಿನ ಪದರು ಬಿಡುವ ಸದ್ದು ಕೆಳಗಿನಿಂದ ಬರುತ್ತಿತ್ತು. ಮೇಲೆ ಯಾರ್ಡಿನಲ್ಲಿ ಪಾಲಿಶ್ ಯಂತ್ರಗಳ ಗರಗರ. ಆ ಗರಗರದಲ್ಲಿ ಒಂದು ಯಂತ್ರದ ದನಿ ಇರಲಿಲ್ಲ. ಮೋಟಾರುಗಳನ್ನು ನೋಡಿಕೊಳ್ಳುವ ಗುಲಾಮ ದಸ್ತಗೀರ ಅದರ ಮುಚ್ಚಳ ಬಿಚ್ಚಿ ಮೂಗು ಹತ್ತಿರ ಒಯ್ದ. ಸುಟ್ಟ ವಾರ್ನಿಶಿನ ವಾಸನೆ. ಒಳಗಿನ ತಂತಿಯ ಸುತ್ತು, ವೈಂಡಿಂಗ್, ಸುಟ್ಟುಹೋಗಿತ್ತು.

ರಮಜಾನಿನ ಕೊನೆಯ ಹತ್ತು ದಿನ ನಡೆದಿತ್ತು. ಅವನ ನಾಲಗೆ ಆಗಲೇ ಅಂಗುಳಕ್ಕೆ ಅಂಟಿತ್ತು. ಯಂತ್ರದ ಚಕ್ರಕ್ಕೆ ಬಿಟ್ಟ ನೀರು ಕಾಲ ಕೆಳಗೇ ಹರಿದುಹೋಗುತ್ತಿತ್ತು; ಅತ್ತ ನೋಡದೆ ಮೋಟಾರನ್ನು ಗೋಣಿತಟ್ಟಿನಲ್ಲಿ ಸುತ್ತಿದ. ವೈಂಡಿಂಗ್ ಮಾಡುವವನು ಸೇಡಂನಲ್ಲಿದ್ದ. ಅಂಬಾರಾಯನ ಲಾರಿ ಫರ್ಸಿ ಹೇರಿಕೊಂಡು ಅತ್ತಲೇ ಹೊರಟಿತ್ತು. ಮೋಟಾರಿನ ಜೊತೆ ದಸ್ತಗೀರನೂ ಹತ್ತಿ ಕುಳಿತ.

ಅಂಬಾರಾಯ ಅವನಿಗಿಂತ ಒಂದೆರಡು ವರ್ಷ ಚಿಕ್ಕವನು. ರೋಜಾದ ಉಪವಾಸ ಇದ್ದವನ ಎದುರಿಗೆ ನೀರು ಕುಡಿಯಬಾರದೆಂದು ದಾರಿಯಲ್ಲಿ ಟೈರು ನೋಡುವ ನೆವ ಮಾಡಿ ಇಳಿದು, ಲಾರಿಯ ಹಿಂದೆ ಹೋಗಿ ಕುಡಿದು ಬಂದ. ಬಂದವನು ಮೀಸೆ ಒರೆಸಿಕೊಂಡು ಕೇಳಿದ.

“ಮೊಹಲ್ಲಾದಾಗ ಎಲ್ಲಾರಿಗೂ ಟೈಮ್ ಹೇಳ್ತೀರಿ. ನನ್ನ ಟೈರ್ ಯಾವಾಗ ಒಡೀತದಂತ ನಿಮ್ಮ ಪೆಟ್ಟಿಗಿ ಹೇಳಂಗಿಲ್ಲೇನ್ರಿ ದಸ್ತಗೀರಣ್ಣ?”

“ಅದಕ್ಕ ಪೆಟ್ಟಿಗಿ ಯಾಕ ಬೇಕೋ? ನಿನ್ನ ಟೈರ್ ಮುಟ್ಟಿ ನೋಡಿದ್ರ ಕುರುಡನೂ ಹೇಳ್ತಾನ.”

ಆ ಪೆಟ್ಟಿಗೆಯೆಂದರೆ ಹೋಮ್ ಕಂಪ್ಯೂಟರು. ದಸ್ತಗೀರನ ಹೆಂಡತಿ ನಜಮುನ್ನೀಸಾಳ ಅಣ್ಣ ಮಶಾಕ ಜೆದ್ದಾದಿಂದ ಬರುವಾಗ ತನ್ನ ಮಕ್ಕಳ ಆಟಕ್ಕೆಂದು ತಂದದ್ದು. ಕಪ್ಪು ಡಬ್ಬಿ, ರಬ್ಬರಿನ ಗುಂಡಿಗಳು. ಟೀವಿಗೆ ಒಂದು ವೈರು, ಟೇಪ್‌ರೆಕಾರ್ಡರಿಗೆ ಇನ್ನೊಂದು. ಮಕ್ಕಳಿಗೆ ಬೇಸರ ಬಂದ ಮೇಲೆ ಅದು ದಸ್ತಗೀರನ ಕೈಗೆ ಸಿಕ್ಕಿತು. ಜೊತೆಗೆ ಬಂದ ಪುಸ್ತಕವನ್ನು ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲೇ ತಡವರಿಸುತ್ತ ಓದಿ, ಪ್ರೋಗ್ರಾಮ್ ಬರೆಯುವುದನ್ನು ಕಲಿತ. ಮೊದಮೊದಲು ಟೀವಿಯ ಮೇಲೆ ತನ್ನ ಹೆಸರು ಬರೆಸಿ ಖುಷಿಪಟ್ಟ. ಆಮೇಲೆ ಮೋಟಾರಿನ ವೈಂಡಿಂಗಿಗೆ ಎಷ್ಟು ಸುತ್ತು ಬೇಕೆಂಬ ಲೆಕ್ಕ ಮಾಡಿಸಿದ. ಊರಿನಲ್ಲಿ ಇನ್ನಾರಿಗೂ ಗೊತ್ತಿಲ್ಲದ ಈ ಹುಚ್ಚನ್ನು ಹಂಚಿಕೊಳ್ಳಲು ಜನವಿರಲಿಲ್ಲ. ತಪ್ಪಾದರೆ ತಾನೇ ಹುಡುಕಬೇಕು, ಸರಿಯಾದರೆ ತಾನೇ ತಲೆದೂಗಬೇಕು.

ಅದನ್ನು ಸಾಕುವುದೂ ಸುಲಭವಿರಲಿಲ್ಲ. ಯಾರ್ಡಿನ ಯಂತ್ರಗಳು ಒಟ್ಟಿಗೆ ಎದ್ದರೆ ಮೊಹಲ್ಲಾದ ಕರೆಂಟು ಸೊರಗುತ್ತಿತ್ತು. ಟೀವಿಯ ಚಿತ್ರ ನಾಲ್ಕೂ ಕಡೆಯಿಂದ ಒಳಗೆ ಸರಿದು, ಬರೆದದ್ದೆಲ್ಲ ಹೇಳದೆ ಕೇಳದೆ ಮಾಯವಾಗುತ್ತಿತ್ತು. ಅದಕ್ಕೇ ಅವನು ಯಂತ್ರಗಳು ನಿಂತಿರುವ ಊಟದ ಬಿಡುವಿನಲ್ಲಿ, ಶುಕ್ರವಾರದ ಮಧ್ಯಾಹ್ನಗಳಲ್ಲಿ ಕೂರುತ್ತಿದ್ದ. ನಾಲ್ಕು ಸಾಲು ಬರೆದೊಡನೆ ಟೇಪಿಗೆ ಇಳಿಸಿಬಿಡಬೇಕು. ಇಳಿಸುವಾಗ ಕೇಳುವ ಕೀರಲು ಸದ್ದಿಗೆ ಪಕ್ಕದ ಮನೆಯ ಅಮೀರ್ಬೀ ಬೆಕ್ಕಿಗೆ ಏನು ಮಾಡುತ್ತಿದ್ದೀರೆಂದು ಗೋಡೆಯಾಚೆಯಿಂದ ಕೇಳುತ್ತಿದ್ದಳು. ಮತ್ತೆ ಏರಿಸುವಾಗ ವಾಲ್ಯೂಮು ಕೂದಲೆಳೆ ಹೆಚ್ಚು ಕಡಿಮೆಯಾದರೂ ಯಂತ್ರ ಒಲ್ಲೆನ್ನುತ್ತಿತ್ತು. ನಜಮುನ್ನೀಸಾ ವಾಲ್ಯೂಮಿನ ಗುಂಡಿ ನಿಲ್ಲಬೇಕಾದಲ್ಲಿ ತನ್ನ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟುಕೊಟ್ಟಿದ್ದಳು.

ಸೂರ್ಯ ಮುಳುಗಿದೊಡನೆ ರೋಜಾ ಬಿಡುವ ಇಫ್ತಾರಿನ ವೇಳೆಯ ಪ್ರೋಗ್ರಾಮನ್ನು ಅವನು ಬರೆದದ್ದು ಖಾಲಾ ಸೈದಾನಬಿಗಾಗಿ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ಚಿಕ್ಕಮ್ಮ ಅವಳು. ಈಗ ಅವನ ಮನೆಯಲ್ಲೇ ಇದ್ದಳು. ಹೋದ ರಮಜಾನಿನಲ್ಲಿ ಗುಲ್ಬರ್ಗಾದ ಆಸ್ಪತ್ರೆಯಲ್ಲಿ ಮಲಗಿ ಒಂದು ರೋಜಾವನ್ನೂ ಹಿಡಿಯಲಾಗಲಿಲ್ಲ. ಅಷ್ಟನ್ನೂ ಚಳಿಗಾಲದಲ್ಲಿ ಒಂದೊಂದಾಗಿ ತೀರಿಸಿದಳು. ಈ ಸಲವೂ ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದರು. ಒಂದು ಪೂರಾ ರಮಜಾನು ಹಿಡಿದು ಹೋಗುತ್ತೇನೆ, ಆಮೇಲೆ ನೀವು ಹೇಳಿದಂತೆ ಕೇಳುತ್ತೇನೆ ಎಂದು ಅವಳು ಡಾಕ್ಟರಿಗೇ ಹೇಳಿ ಬಂದಿದ್ದಳು.

ಖಣಿ ಮೊಹಲ್ಲಾದ ಮಸೀದಿಯಲ್ಲಿ ಹೈದರಾಬಾದಿನ ಅತ್ತರಿನ ಅಂಗಡಿಯವರು ಅಚ್ಚು ಹಾಕಿಸಿದ ವೇಳಾಪಟ್ಟಿ ತೂಗುತ್ತಿತ್ತು. ಅದು ಹೈದರಾಬಾದಿನ ಹೊತ್ತು. ಶಹಾಬಾದು ಪಡುವಣಕ್ಕಿರುವುದರಿಂದ ಇಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆಂದು ಹಿರಿಯರು ಅದಕ್ಕೆ ಹತ್ತು ನಿಮಿಷ ಕೂಡಿಸುತ್ತಿದ್ದರು. ಹತ್ತೇ ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಖಾಲಾ ನೀರಿನ ಲೋಟ ಹಿಡಿದು ಕುಳಿತಿರುವಾಗ ಆ ಹತ್ತು ನಿಮಿಷ ಅವಳು ಒಣಗಿದ ತುಟಿ ಸವರಿಕೊಳ್ಳುತ್ತ ಬಾಗಿಲ ಕಡೆ ನೋಡುವುದನ್ನು ದಸ್ತಗೀರ ಎಷ್ಟೋ ವರ್ಷ ನೋಡಿದ್ದ. ಸರಿಯಾದ ಲೆಕ್ಕ ಸಿಕ್ಕರೆ ಅಷ್ಟಾದರೂ ಕಡಿಮೆಯಾದೀತು.

ಖಗೋಳದ ಪುಸ್ತಕವೊಂದನ್ನು ಗುಲ್ಬರ್ಗಾದ ಲೈಬ್ರರಿಯಿಂದ ತಂದ. ಊರಿನ ಅಕ್ಷಾಂಶ ರೇಖಾಂಶ ಖಣಿಯ ಲೀಜಿನ ನಕ್ಷೆಯಲ್ಲಿ ಸಿಕ್ಕವು. ಒಂದು ಇಡೀ ಚಳಿಗಾಲ ಕುಳಿತು ಬರೆದ. ಲೆಕ್ಕ ಹೊರಬಂತು: ಹೈದರಾಬಾದಿಗಿಂತ ಆರು ನಿಮಿಷ ತಡ.

ಯಂತ್ರ ಹೇಳಿದ್ದನ್ನು ಕಣ್ಣಾರೆ ನೋಡಿ ಒಪ್ಪಬೇಕೆಂದು ರಮಜಾನಿಗೆ ಮೊದಲು ಸಂಜೆಹೊತ್ತು ಖಣಿಯ ದಂಡೆಗೆ ಹೋಗಿ ನಿಂತ. ಮೊಹಲ್ಲಾದ ಪಡುವಣ ದಿಕ್ಕಿಗೆ ಒಡೆದ ಕಲ್ಲು ತಂದು ಸುರಿದ ಗುಡ್ಡವಿದೆ. ಮನೆಗಳಿಗೆ ಸೂರ್ಯ ಬೇಗ ಮರೆಯಾಗುವುದು ಅದರ ಹಿಂದೆಯೇ. ಅದನ್ನು ಬಿಟ್ಟು ನೋಡಬೇಕೆಂದೇ ಅವನು ಎತ್ತರದ ದಂಡೆಗೆ ಹೋದದ್ದು. ಅಲ್ಲಿಂದಲೂ ಸೂರ್ಯ ಯಂತ್ರದ ಹೊತ್ತಿಗಿಂತ ಆರು ನಿಮಿಷ ಮೊದಲೇ ಇಲ್ಲವಾದ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಆರು ತೆಗೆದರೆ ಹೈದರಾಬಾದಿನ ಪಟ್ಟಿಗೆ ತಾಳೆಯಾಗುತ್ತಿತ್ತು. ಅಚ್ಚಾದ ಪಟ್ಟಿಯೂ ತನ್ನ ಕಣ್ಣೂ ಒಂದೇ ಮಾತು ಹೇಳುವಾಗ, ಹಿರಿಯರ ಹತ್ತರ ಹಾಗೆ ಈ ಆರೂ ಸುಳ್ಳಿರಬೇಕು, ಪ್ರೋಗ್ರಾಮೇ ಎಲ್ಲೋ ತಪ್ಪಿದೆ ಅಂದುಕೊಂಡ. ಆ ಭಾಷೆಯಲ್ಲಿ ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತೆಂದು ಅಂಕಿ ಹಾಕುತ್ತಾರೆ, ಮರೆತದ್ದನ್ನು ನಡುವೆ ತುರುಕಲು ಜಾಗವಿರಲಿ ಎಂದು. ನೂರಾಮೂವತ್ತಕ್ಕೂ ನೂರಾನಲವತ್ತಕ್ಕೂ ನಡುವೆ ನೂರಾಮೂವತ್ತೈದೆಂದು ಹೊಸದೊಂದು ಸಾಲು ಸೇರಿಸಿದ: ಬಂದ ಉತ್ತರದಲ್ಲಿ ಆರು ಕಳೆ.

ಮಸೀದಿ ಕಮಿಟಿಯ ಲಾಲ್ ಅಹ್ಮದ್ ಸಾಬರು ಟೀವಿಯ ಮುಂದೆ ಕುಳಿತು ಅಂಕಿಗಳು ಸಾಲಾಗಿ ಮೂಡುವುದನ್ನು ನೋಡಿದರು. ಇಷ್ಟು ವರ್ಷ ಸುಮ್ಮನೆ ಬಾಯಾರಿ ಕುಳಿತೆವಲ್ಲ ಅಂದರು. ಅಂದಿನಿಂದ ಮಸೀದಿಯ ಬಾಗಿಲಲ್ಲಿ ಒರಗಿಸಿದ ಕರಿ ಫರ್ಸಿಯ ಮೇಲೆ ದಸ್ತಗೀರ ಕೊಟ್ಟ ಹೊತ್ತನ್ನೇ ದಿನಾ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಊರೊಳಗಿನ ಮಸೀದಿಗಳ ಅಜಾನು ಕೇಳುವಷ್ಟರಲ್ಲಿ ಮೊಹಲ್ಲಾದವರು ಉಂಡು ಕೈ ತೊಳೆಯುತ್ತಿದ್ದರು. ನಿಮ್ಮ ಸೂರ್ಯನಿಗೆ ಮುಳುಗಲು ಸೋಮಾರಿತನವೇನೆಂದು ಹುಡುಗರು ಆ ಕಡೆಯವರನ್ನು ಕಾಡುತ್ತಿದ್ದರು. ಖಾಲಾ ಮೊದಲ ಗುಟುಕು ನೀರು ಕುಡಿದು, ಅವನ ತಲೆಯ ಮೇಲೆ ಒದ್ದೆ ಕೈ ಇಡುತ್ತಿದ್ದಳು.

ಆ ದಿನ ಸೇಡಂನಲ್ಲಿ ಕಲ್ಲು ಇಳಿಸಿ, ಮೋಟಾರು ವೈಂಡಿಂಗಿಗೆ ಬಿಟ್ಟು ಹೊರಡುವಷ್ಟರಲ್ಲಿ ಗಾಳಿ ಎದ್ದು ಒಂದು ಬಿರುಸಿನ ಅಡ್ಡಮಳೆ ಹೊಡೆದು ಹೋಯಿತು. ಮಳೆ ನಿಂತ ಮೇಲೆ ಆಕಾಶ ತೊಳೆದ ಹರಿವಾಣದಂತಾಯಿತು. ಚಿತ್ತಾಪುರದ ದಾರಿಯಲ್ಲಿ ಎರಡೂ ಬದಿಗೆ ಖಾಲಿ ಎರೆಹೊಲ, ಒಂದು ಮರವೂ ಅಡ್ಡವಿಲ್ಲ. ಲಾರಿ ಪಡುವಣಕ್ಕೆ ಮುಖ ಮಾಡಿ ಓಡುತ್ತಿತ್ತು. ಇಫ್ತಾರಿನ ಹೊತ್ತಿಗೆ ನಿಲ್ಲಿಸಲು ದಸ್ತಗೀರ ಹೇಳಿದ್ದ. ಗಡಿಯಾರ ಆರು ನಲವತ್ಮೂರು ತೋರಿಸಿದಾಗ ಅಂಬಾರಾಯ ಲಾರಿ ನಿಲ್ಲಿಸಿದ. ಬೆಳಿಗ್ಗೆ ಫರ್ಸಿಯ ಮೇಲೆ ಬರೆಸಿದ್ದೂ ಅದೇ. ಕೈಯಲ್ಲಿದ್ದ ಖರ್ಜೂರ ಹಿಡಿದು, ತಲೆ ತಗ್ಗಿಸಿ ದುವಾ ಹೇಳಿ, ಬಾಯಿಗೆ ಹಾಕಿಕೊಂಡ.

ಅಂಬಾರಾಯ ಸ್ಟೇರಿಂಗಿನ ಮೇಲೆ ಕೈ ಊರಿ ಎದುರಿನ ಗಾಜಿನಾಚೆ ನೋಡುತ್ತಿದ್ದ.

“ದಸ್ತಗೀರಣ್ಣ, ಹೊತ್ತು ಇನ್ನಾ ಮುಳುಗಿಲ್ಲಲ್ಲ.”

ದಸ್ತಗೀರ ತಲೆ ಎತ್ತಿದ. ಹೊಲದ ಅಂಚಿನಿಂದ ಒಂದು ಬೆರಳಿನಷ್ಟು ಮೇಲೆ ಸೂರ್ಯಬಿಂಬ ಇಡಿಯಾಗಿ, ಕೆಂಪಗೆ ನಿಂತಿತ್ತು. ಖರ್ಜೂರ ಅರ್ಧ ಅಗಿದಾಗಿತ್ತು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಇಬ್ಬರೂ ನೋಡುತ್ತ ಕುಳಿತರು. ಅದು ನೆಲ ಮುಟ್ಟಿ, ಅರ್ಧವಾಗಿ, ಗೆರೆಯಾಗಿ ಹೋಗುವಷ್ಟರಲ್ಲಿ ಐದು ನಿಮಿಷ ಕಳೆದಿತ್ತು. ಇದು ಶಹಾಬಾದಿಗಿಂತ ಮೂಡಣದ ಜಾಗ. ಇಲ್ಲೇ ಇಷ್ಟು ತಡವಾದರೆ ಅಲ್ಲಿ ಇನ್ನೂ ಒಂದು ನಿಮಿಷ. ಆರು. ಕೂಡಿಸಿ ಕಳೆಯಲು ಅವನಿಗೆ ಯಂತ್ರ ಬೇಕಿರಲಿಲ್ಲ.

“ನೀರರೆ ಕುಡೀರಿ,” ಅಂದ ಅಂಬಾರಾಯ.

ಮರುದಿನ ಊಟದ ಬಿಡುವಿನಲ್ಲಿ ಟೇಪು ಏರಿಸಲು ಕುಳಿತ. ತನ್ನ ಲೆಕ್ಕ ಬೇರೆಲ್ಲಾದರೂ ತಪ್ಪಿರಲಿ, ನಿನ್ನೆ ಕಂಡದ್ದಕ್ಕೆ ಇನ್ನೇನೋ ಕಾರಣವಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಸೆಕೆಗೆ ಟೇಪು ಎಳೆದಂತಾಗಿ ಯಂತ್ರ ಮತ್ತೆ ಮತ್ತೆ ಒಲ್ಲೆಂದಿತು. ಕೆಂಪು ಚುಕ್ಕೆಯಿಂದ ಅತ್ತ ಇತ್ತ ಗುಂಡಿ ತಿರುವಿದ. ಬೆರಳು ಬೆವೆತು ಜಾರಿದವು. ಹಿಂದಿನ ಕೋಣೆಯಲ್ಲಿ ಖಾಲಾ ಒದ್ದೆ ಬಟ್ಟೆ ಹಣೆಗೆ ಹಾಕಿಕೊಂಡು ಮಲಗಿದ್ದಳು. ಪ್ರತಿ ಸಲ ಕೀರಲು ಸದ್ದು ಎದ್ದಾಗಲೂ ಅವಳು ಮಗ್ಗುಲು ಬದಲಿಸುವುದು ಕೇಳುತ್ತಿತ್ತು. ಕೊನೆಗೆ ಸಾಲುಗಳು ಟೀವಿಯ ಮೇಲೆ ಬಂದವು. ನೂರಾಮೂವತ್ತೈದನ್ನು ಅಳಿಸಿ ಪ್ರೋಗ್ರಾಮು ಓಡಿಸಿದ. ನಿನ್ನೆಯ ದಿನಾಂಕಕ್ಕೆ ಆರು ನಲವತ್ತೊಂಬತ್ತು ಬಂತು. ಬೇರೆ ಯಾವ ಸಾಲಿನಲ್ಲೂ ತಪ್ಪಿರಲಿಲ್ಲ. ಯಂತ್ರ ಮೊದಲಿನಿಂದ ಸರಿ ಹೇಳಿತ್ತು. ಕೆಡಿಸಿದವನು ತಾನು.

ಬಿಸಿಲಲ್ಲೇ ಖಣಿಯ ದಂಡೆಗೆ ಹೋದ. ನಿನ್ನೆಯ ಮಳೆಗೆ ಕ್ರಷರುಗಳ ಧೂಳು ಕೂತಿತ್ತು. ಅವನು ಅಂದು ದಿಗಂತವೆಂದು ತಿಳಿದದ್ದು ಇಂದು ಕಲ್ಲುಕಲ್ಲಾಗಿ ಕಾಣುತ್ತಿತ್ತು. ಮೊಹಲ್ಲಾದ ಗುಡ್ಡದಾಚೆ ಇನ್ನೊಂದು ಖಣಿಯ ಗುಡ್ಡ, ಅದರಾಚೆ ಮತ್ತೊಂದು. ಹುಟ್ಟಿದಾಗಿನಿಂದ ಸುರಿದ ಕಲ್ಲಿನ ಹಿಂದೆ ಸೂರ್ಯ ಮುಳುಗುವುದನ್ನೇ ನೋಡಿದ ಕಣ್ಣು, ಆ ಸಾಲನ್ನು ನೆಲವೆಂದು ನಂಬಿತ್ತು. ಅವನು ಅಲ್ಲೇ ಕಾದ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ತಲೆ ಹಿಡಿದುಕೊಂಡ. ಇಡೀ ಮೊಹಲ್ಲಾ ರಮಜಾನಿನ ಮೊದಲ ದಿನದಿಂದ ಸೂರ್ಯನಿರುವಾಗಲೇ ರೋಜಾ ಬಿಟ್ಟಿತ್ತು. ಖಾಲಾಳ ಪೂರಾ ರಮಜಾನಿನಲ್ಲಿ ಪೂರಾ ಆದ ರೋಜಾ ಒಂದೂ ಇರಲಿಲ್ಲ.

ಆರು ಕೂಡಿಸಿ ಇವತ್ತಿನ ಹೊತ್ತು ಬರೆಸಿಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ತೀರಿಸಬೇಕಾದ ಸಾಲವಿದೆಯೆಂದು ಗೊತ್ತಿಲ್ಲದೆ ಇಷ್ಟು ಜನ ಕುಳಿತಿರುವಾಗ ತಾನೊಬ್ಬ ತಿಳಿದೂ ಸುಮ್ಮನಿರುವುದು ಆಗಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ನಂತರ ಲಾಲ್ ಅಹ್ಮದ್ ಸಾಬರಿಗೂ ಮಸೀದಿಯ ಮೌಲಾನಾರಿಗೂ ಒಂದೂ ಬಿಡದೆ ಹೇಳಿದ. ಲಾಲ್ ಅಹ್ಮದ್ ಸಾಬರು ಮೊದಲು ಬಾಗಿಲು ಹಾಕಿದರು. ಊರೊಳಗಿನವರಿಗೆ ಗೊತ್ತಾದರೆ ಮುಖ ತೋರಿಸುವುದು ಹೇಗೆಂಬುದೇ ಅವರ ಚಿಂತೆ. ಮೌಲಾನಾ ಕಿತಾಬು ತೆರೆದು ನೋಡಿದರು. ತಿಳಿಯದೆ ಆದದ್ದಕ್ಕೆ ಶಿಕ್ಷೆಯಿಲ್ಲ, ಆದರೆ ಸೂರ್ಯನಿದ್ದಾಗ ಬಿಟ್ಟ ರೋಜಾ ರೋಜಾ ಅಲ್ಲ, ಪ್ರತಿಯೊಬ್ಬರೂ ಈದಿನ ನಂತರ ಅಷ್ಟನ್ನೂ ಕಜಾ ಎಂದು ಮತ್ತೆ ಹಿಡಿದು ತೀರಿಸಬೇಕು ಅಂದರು. ಒಬ್ಬರ ಬದಲಿಗೆ ಇನ್ನೊಬ್ಬರು ಹಿಡಿಯಬಹುದೇ ಎಂದು ದಸ್ತಗೀರ ಕೇಳಿದ. ಇಲ್ಲವೆಂದರು. ಹಿಡಿಯಲು ಕಸುವೇ ಇಲ್ಲದವರು ಒಂದೊಂದು ರೋಜಾಕ್ಕೆ ಒಬ್ಬ ಬಡವನಿಗೆ ಉಣ್ಣಲಿಕ್ಕಬೇಕು.

ಶುಕ್ರವಾರ ಮೈಕಿನಲ್ಲಿ ಹೇಳಿದರು. ದಸ್ತಗೀರನ ಮೇಲೆ ಯಾರೂ ಕೈ ಮಾಡಲಿಲ್ಲ, ಕೂಗಾಡಲೂ ಇಲ್ಲ. ಖಣಿಯಲ್ಲಿ ಬಿಸಿಲಿಗೆ ಕಲ್ಲು ಎತ್ತಿ ರೋಜಾ ಹಿಡಿದವರು ಅವನನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಅದು ಅವನಿಗೆ ಹೊಡೆತಕ್ಕಿಂತ ಹೆಚ್ಚಾಯಿತು. ಅಮೀರ್ಬೀ ಮಾತ್ರ ಗೋಡೆಯಾಚೆಯಿಂದ, ಬೆಕ್ಕು ಕಿರುಚಿದಾಗಲೇ ನಾನು ತಿಳಿದಿದ್ದೆ ಅಂದಳು. ಊರೊಳಗಿನ ಹುಡುಗರು, ನಿಮ್ಮ ಟೀವಿಯಲ್ಲಿ ಈದು ಯಾವಾಗ, ಬುಧವಾರವೋ ನಿನ್ನೆಯೋ ಎಂದು ಕೇಳಿ ಸೇಡು ತೀರಿಸಿಕೊಂಡರು.

ಖಾಲಾಳ ಕಿವಿ ಮಂದವಾಗಿತ್ತು. ಮೈಕಿನ ಮಾತು ಅವಳಿಗೆ ತಿಳಿದಿರಲಿಲ್ಲ. ನಜಮುನ್ನೀಸಾ ಒಲೆಯ ಮುಂದೆ ಗಂಡನ ಕೈ ಹಿಡಿದು ಬೇಡಿಕೊಂಡಳು.

“ಹೇಳಬ್ಯಾಡ್ರಿ. ಹೇಳಿದ್ರ ಆಕಿ ಎಲ್ಲಾ ಮತ್ತ ಹಿಡೀತಾಳ. ಈ ಸಲ ಜೀವ ಉಳಿಯಂಗಿಲ್ಲ. ಪಾಪ ಏನರೆ ಇದ್ರ ನಂದು ಅಂತ ತಿಳೀರಿ.”

ಹೇಳಬಾರದೆಂದು ಅವನೂ ನಿಶ್ಚಯ ಮಾಡಿಕೊಂಡ. ಉಳಿದ ದಿನಗಳನ್ನು ಅವಳು ಸರಿಯಾದ ಹೊತ್ತಿಗೇ ಮುಗಿಸಿದಳು. ಈಗ ಸ್ವಲ್ಪ ತಡವಾಯಿತೆಂಬುದೂ ಅವಳಿಗೆ ಗೊತ್ತಾಗಲಿಲ್ಲ. ಈದಿನ ದಿನ ಹೊಸ ಸೀರೆಯುಟ್ಟು, ಕೈಗೆ ಮುತ್ತಿಕ್ಕಲು ಬಂದವರಿಗೆಲ್ಲ ಪೂರಾ ರಮಜಾನು ಮುಗಿಸಿದೆ, ನನ್ನ ಮೇಲೆ ಇನ್ನು ಯಾವ ಬಾಕಿಯೂ ಇಲ್ಲ ಎಂದು ಹೇಳಿದಳು. ಬಂದವರು ದಸ್ತಗೀರನ ಮುಖ ನೋಡಿದರು. ಒಬ್ಬೊಬ್ಬರು ಹಾಗೆ ನೋಡಿ ಹೋಗುವಾಗಲೂ ಅವನು ಶೀರಖುರ್ಮಾ ಪಾಯಸದ ಬಟ್ಟಲು ಕೆಳಗಿಟ್ಟ. ಸಂಜೆ ಮಂದಿಯೆಲ್ಲ ಹೋದ ಮೇಲೆ ಅವಳ ಕಾಲ ಬಳಿ ಕುಳಿತು, ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿಬಿಟ್ಟ. ನಜಮುನ್ನೀಸಾ ಒಳಗಿನಿಂದ ಓಡಿಬಂದು ಬಾಗಿಲಲ್ಲೇ ನಿಂತುಬಿಟ್ಟಳು.

ಖಾಲಾ ಹೊಸ ಸೀರೆಯ ಸೆರಗು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೇಳಿದಳು.

“ನನ್ನ ಸಲುವಾಗಿ ಮಾಡಿದ್ದೇನು ಬೇಟಾ ಅದು?”

“ಹೌದು ಖಾಲಾ.”

“ಹತ್ತು ನಿಮಿಷ ನಾ ಕುಂದರ್ತಿದ್ನಲ್ಲೋ. ನಿನಗ್ಯಾರು ಹೇಳಿದ್ರು ನನಗ ಆಗಂಗಿಲ್ಲಂತ?”

ಅವನು ಅವಳ ಕಾಲ ಬಳಿಯಿಂದ ಎದ್ದು ದೀಪ ಹಚ್ಚಿದ.

ಈದಿನ ಮೂರನೆಯ ದಿನವೇ ಅವಳು ಕಜಾ ಶುರುಮಾಡಿದಳು. ಬಡವರಿಗೆ ಉಣ್ಣಲಿಕ್ಕಿದರೆ ಸಾಕೆಂದು ಮೌಲಾನಾರೇ ಬಂದು ಹೇಳಿದರು. ಹಾಕುವ ಅನ್ನ ದಸ್ತಗೀರನ ದುಡಿಮೆಯದ್ದು, ಉಪವಾಸ ನನ್ನದು ಎಂದು ಅವರಿಗೆ ತಿಳಿಸಿ ಹೇಳಿದಳು. ಒಂದು ರೋಜಾ ಮುಗಿಯಿತು. ಎರಡನೆಯ ದಿನ ಮಧ್ಯಾಹ್ನ ಹಿತ್ತಲಿಗೆ ಹೋಗುವಾಗ ಬಿದ್ದಳು. ನಜಮುನ್ನೀಸಾ ತಲೆ ಎತ್ತಿ ಹಿಡಿದಳು; ದಸ್ತಗೀರ ಕಚ್ಚಿಕೊಂಡ ಹಲ್ಲುಗಳ ನಡುವೆ ಚಮಚದಿಂದ ನೀರು ಬಿಟ್ಟ. ಎಚ್ಚರವಾದಾಗ ತುಟಿ ಒದ್ದೆಯಾಗಿರುವುದನ್ನು ಬೆರಳಿನಿಂದ ಮುಟ್ಟಿ ನೋಡಿ, ಖಾಲಾ ಅವನ ಕಡೆಯಿಂದ ಮುಖ ತಿರುಗಿಸಿದಳು. ತೀರಿಸಲು ಹೊರಟ ಬಾಕಿಯಲ್ಲಿ ಅದೂ ತೀರದೆ ಉಳಿಯಿತು.

ಮತ್ತೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಕಾರಹುಣ್ಣಿಮೆ ಹೋಯಿತು, ಮಳೆ ಹಿಡಿಯಿತು, ಖಣಿಗಳಲ್ಲಿ ನೀರು ನಿಂತು ಕೆಲಸ ಕಡಿಮೆಯಾಯಿತು. ದಸ್ತಗೀರ ಆ ಡಬ್ಬಿಯನ್ನು ಮುಟ್ಟಿರಲಿಲ್ಲ. ನಜಮುನ್ನೀಸಾ ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ದಳು. ಒಂದು ಮಧ್ಯಾಹ್ನ ಖಾಲಾ ಅವನನ್ನು ಕರೆದು, ಅದನ್ನು ಇಲ್ಲೇ ತಂದು ಹಚ್ಚು ಅಂದಳು. ಅವನಿಗೆ ಅರ್ಥವಾಗಲಿಲ್ಲ.

“ವರ್ಷದಾಗ ಎಲ್ಲಕ್ಕಿಂತ ಸಣ್ಣ ದಿನ ಯಾವ್ದು ಅಂತ ಕೇಳು ಅದಕ್ಕ. ಅವಾಗ ಹಿಡೀತೀನಿ.”

“ಖಾಲಾ, ಅದರ ಮಾತು ಬ್ಯಾಡ.”

“ಅದು ಸರಿನೇ ಹೇಳಿತ್ತು ಅಂದೆಲ್ಲ. ಕೇಳು.”

ಅವನು ಟೀವಿಯನ್ನು ಅವಳ ಮಂಚದ ಬಳಿ ತಂದಿಟ್ಟ. ಟೇಪು ಮೊದಲ ಸಲಕ್ಕೇ ಏರಿತು. ಒಂದೊಂದೇ ತಿಂಗಳು ಬಡಿದು ಮುಂದೆ ಮುಂದೆ ಹೋದ. ಡಿಸೆಂಬರಿನ ಇಪ್ಪತ್ತೆರಡು; ಸೂರ್ಯ ಮುಳುಗುವುದು ಐದು ಐವತ್ನಾಲ್ಕಕ್ಕೆ. ಅವಳ ಕಿವಿಯ ಬಳಿ ಬಾಗಿ ಹೇಳಿದ. ಖಾಲಾ ಅದನ್ನು ತನ್ನಷ್ಟಕ್ಕೆ ಎರಡು ಸಲ ಅಂದುಕೊಂಡಳು. ಅಲ್ಲಿಂದ ಆಚೆ ಈಚೆ ಎಷ್ಟು ದಿನ ಸಣ್ಣವಿವೆ ಎಂದು ಕೇಳಿದಳು. ಅವನು ಅವನ್ನೂ ಓದಿದ. ಅಷ್ಟರಲ್ಲಿ ಬಾಕಿಯೆಲ್ಲ ಮುಗಿಯುತ್ತದೆಂದು ಅವಳು ಸಮಾಧಾನಪಟ್ಟಳು.

ದೀಪಾವಳಿಯ ಮುಂದಿನ ವಾರ ಖಾಲಾ ತೀರಿಕೊಂಡಳು. ಹಗಲು ಆಗಲೇ ಸಣ್ಣದಾಗುತ್ತ ಬಂದಿತ್ತು.

ಮೌಲಾನಾ ಹೇಳಿದಂತೆ ದಸ್ತಗೀರ ಸ್ಟೇಷನ್ನಿನ ಬಳಿಯ ಬಡವರನ್ನು ಕರೆಸಿ, ಅವಳ ಒಂದೊಂದು ರೋಜಾಕ್ಕೂ ಒಬ್ಬೊಬ್ಬರಂತೆ ಕೂರಿಸಿ ಉಣ್ಣಲಿಕ್ಕಿದ. ನಜಮುನ್ನೀಸಾ ಬೇಡಬೇಡವೆನ್ನುವವರೆಗೆ ಬಡಿಸಿದಳು. ಇಲ್ಲಿಗೆ ತೀರಿತು, ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು ಲಾಲ್ ಅಹ್ಮದ್ ಸಾಬರು. ಅವನು ಅವರಿಗೆ ಕೈ ತೊಳೆಯಲು ನೀರು ಕೊಟ್ಟ.

ಡಿಸೆಂಬರಿನ ಇಪ್ಪತ್ತೆರಡರಂದು ಯಾರ್ಡಿನಲ್ಲಿ ಕೆಲಸ ಜೋರಾಗಿತ್ತು. ಊಟದ ಹೊತ್ತಿಗೆ ಅಂಬಾರಾಯ ಬುತ್ತಿ ಬಿಚ್ಚಿ ಅವನನ್ನು ಕರೆದ.

“ಬರ್ರಿ ದಸ್ತಗೀರಣ್ಣ, ಕುಂದ್ರಿ. ರೊಟ್ಟಿ ಭಾಳ ಅವ.”

“ನೀ ಉಣ್ಣು.”

ಅಂಬಾರಾಯ ಒಮ್ಮೆ ಅವನ ಒಣಗಿದ ತುಟಿ ನೋಡಿದ. ಆಮೇಲೆ ಏನೂ ಕೇಳದೆ ಬುತ್ತಿ ಎತ್ತಿಕೊಂಡು ಲಾರಿಯ ಹಿಂದಕ್ಕೆ ಹೋದ. ಒಬ್ಬರ ಉಪವಾಸ ಇನ್ನೊಬ್ಬರ ಬಾಕಿಗೆ ಸಲ್ಲುವುದಿಲ್ಲವೆಂದು ದಸ್ತಗೀರನಿಗೆ ಗೊತ್ತಿತ್ತು. ಅದು ಖಾಲಾಳ ಲೆಕ್ಕಕ್ಕೂ ಹತ್ತುವುದಲ್ಲ, ತನ್ನ ಬಾಕಿ ಆಗಲೇ ತೀರಿಸಿದ್ದ ಅವನ ಲೆಕ್ಕಕ್ಕೂ ಅಲ್ಲ. ಅವನು ಮುಚ್ಚಳ ಬಿಚ್ಚಿದ ಮೋಟಾರಿನ ಮುಂದೆ ಕುಳಿತು, ಸಂಜೆಯವರೆಗೆ ಕೆಲಸ ಮಾಡಿದ.